ಘಣಸೋಲಿಯ ಗುಂಡಗಿನ ಅರ್ಜಿ

ಸೋಮವಾರ ಮಧ್ಯಾಹ್ನ ಒಂದೂಮುಕ್ಕಾಲಿಗೆ ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ರೈಲು ಹತ್ತಿದೆ. ಘಣಸೋಲಿಗೆ ಹೋಗಿ ಬರುವ ಟಿಕೆಟ್ಟಿಗೆ ಇಪ್ಪತ್ತು ರೂಪಾಯಿ. ಚೀಲದಲ್ಲಿ ನೀರಿನ ಬಾಟಲಿ, ಎರಡು ಚಪಾತಿ, ಹನ್ನೊಂದು ಪುಟ ಅಮೆರಿಕ. ಅಲ್ಲಿಯ ಕಾರ್ಮಿಕರು ಸಂಘ ಕಟ್ಟಿದ ಕತೆಯನ್ನು ಎರಡು ದಿನ ಕೂತು ಬರೆದುಕೊಂಡಿದ್ದೆ. ನಿವೃತ್ತ ಟೀಚರಿಗೆ ಭಾಷಣ ಮಾಡೆಂದರೆ ಕೇಳಬೇಕೆ!

ಕರೆದವನು ಸುಂದರ. ನಾನು ಕನ್ನಡ ರಾತ್ರಿಶಾಲೆಯಲ್ಲಿ ಕಲಿಸುತ್ತಿದ್ದಾಗ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಉಡುಪಿ ಕಡೆಯವನು. ಈಗ ಘಣಸೋಲಿಯ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತಾನೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಠಾಕುರ್ಲಿಯಲ್ಲಿದ್ದಾರೆ. ಒಂದೂವರೆ ತಾಸಿನ ದಾರಿ ಅಷ್ಟೇ. ಆದರೆ ಕೆಲಸ ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ, ವಾರದ ರಜೆಯೆಂಬುದಿಲ್ಲ. ತಿಂಗಳಿಗೊಮ್ಮೆ ಮನೆ ಕಂಡರೆ ಹೆಚ್ಚು. “ಹೋದ ಸಲ ಮಗಳೇ ಬಾಗಿಲು ತೆಗೆದದ್ದು ಟೀಚರ್. ‘ಮಮ್ಮಿ, ಕೋಯೀ ಅಂಕಲ್ ಆಯಾ ಹೈ’ ಅಂದಳು, ಯಾರೋ ಅಂಕಲ್ ಬಂದಿದ್ದಾರಂತೆ,” ಎಂದು ಫೋನಿನಲ್ಲಿ ನಗಲು ಹೋದ. ವಾರಕ್ಕೊಂದು ರಜೆ ಕೇಳಿ ಹೋಟೆಲಿನ ಏಳು ಜನ ಸೇರಿ ಅರ್ಜಿ ಕೊಡಬೇಕು, ನಾನು ಬಂದು ಅವರಿಗೆಲ್ಲ ಧೈರ್ಯ ಹೇಳಬೇಕು ಎಂದ. ಬರ್ತೀನಿ ಅಂದೆ.

ಠಾಣೆಯಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತಿ ಇಳಿದು ಒಂಬತ್ತನೇ ಪ್ಲಾಟ್‌ಫಾರ್ಮ್ ಮುಟ್ಟುವಷ್ಟರಲ್ಲಿ ನನ್ನ ಮೊಣಕಾಲುಗಳೂ ರಜೆ ಕೇಳತೊಡಗಿದವು. ವಾಶಿ ಗಾಡಿ ಖಾಲಿಯಿತ್ತು. ದಿಘಾ, ಐರೋಲಿ, ರಬಾಳೆ ದಾಟುವಾಗ ಕಿಟಕಿಯಾಚೆ ಹಳೆಯ ಕಾರ್ಖಾನೆಗಳ ತಗಡಿನ ಶೆಡ್ಡುಗಳು, ಅವುಗಳ ನಡುವೆ ಗಾಜಿನ ಕಟ್ಟಡಗಳು ಕಂಡವು. ಸೆಕೆಯೆಂದರೆ ಸೆಕೆ. ಚಪಾತಿ ಅಲ್ಲೇ ಮುಗಿಸಿದೆ.

ಘಣಸೋಲಿಯ ಹಳೆಯ ಊರಿನ ಓಣಿಯಲ್ಲಿ, ಮೊದಲ ಮಹಡಿಯ ಒಂದೇ ಖೋಲಿಯಲ್ಲಿ ಏಳು ಜನರ ವಾಸ. ಖೋಲಿ ಹೋಟೆಲಿನ ಸೇಠ್ ಕೊಟ್ಟದ್ದು. ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಮೂರಕ್ಕೆ, ಎಲ್ಲರೂ ಒಟ್ಟಿಗೆ ಸಿಕ್ಕರು.

ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗಳಿಂದ ಆರಂಭಿಸಿದೆ. ದಿನಕ್ಕೆ ಹನ್ನೆರಡು ತಾಸು, ವಾರಕ್ಕೆ ಏಳು ದಿನ ದುಡಿಸುತ್ತಿದ್ದರು ಅಂದೆ. “ನಮಗಿಂತ ವಾಸಿ ಮಾರಾಯ,” ಅಂದ ಮೂಲೆಯಲ್ಲೊಬ್ಬ. ನಾಲ್ಕನೇ ಪುಟಕ್ಕೆ ಇಬ್ಬರ ಗೊರಕೆ ಶುರುವಾಯಿತು. ಅಲ್ಲಿ ಒಬ್ಬೊಬ್ಬರೇ ರಜೆ ಕೇಳಿದವರನ್ನು ಕೆಲಸದಿಂದ ತೆಗೆಯುತ್ತಿದ್ದರು, ಅದಕ್ಕೇ ಸೇರಿ ಕೇಳಲು ಕಲಿತರು. ಒಂದು ದೊಡ್ಡ ಸಂಘವಂತೂ ಹೆದರಿಕೆಗೆ ಮೊದಮೊದಲು ತನ್ನ ಹೆಸರಿನ ಜಾಗದಲ್ಲಿ ಐದು ನಕ್ಷತ್ರ ಬರೆಯುತ್ತಿತ್ತು ಅಂದೆ. ಆಗ ಚಹಾ ಮಾಡುವ ಭೋಜಣ್ಣ, ಎಲ್ಲರಿಗಿಂತ ಹಿರಿಯರು, ಎದ್ದು ಕೂತರು.

“ಅಲ್ಲಿಯ ಕೆಲಸಗಾರರಿಗೆ ಮನೆ ಯಾರದ್ದು ಟೀಚರ್?”

“ಬಹಳ ಕಡೆ ಕಂಪನೀದ್ದೇ.”

“ಮುಷ್ಕರ ಮಾಡಿದರೆ?”

“ಸಾಮಾನು ಹೊರಗ ಒಗೀತಿದ್ದರು.”

ಅಂದವಳೇ ನಾಲಿಗೆ ಕಚ್ಚಿಕೊಂಡೆ. ಎಲ್ಲರೂ ಸುತ್ತಿ ಗೋಡೆಗೆ ಒರಗಿಸಿದ್ದ ತಮ್ಮ ಹಾಸಿಗೆಗಳನ್ನು ನೋಡಿದರು. ಧೈರ್ಯ ಹೇಳಲು ಬಂದವಳು ಇದ್ದ ಧೈರ್ಯಕ್ಕೂ ತಣ್ಣೀರು ಎರಚಿದ್ದೆ.

ಸಾಲದ್ದಕ್ಕೆ, ನಾನೇ ಬರೆದಿದ್ದ ಅರ್ಜಿಯ ಕೆಳಗೆ ಸಹಿಗೆಂದು ಒಂದರಿಂದ ಏಳರವರೆಗೆ ನೀಟಾಗಿ ನಂಬರು ಹಾಕಿ ತಂದಿದ್ದೆ. ಒಂದನೇ ನಂಬರು ಯಾರಿಗೂ ಬೇಡ. “ನೀವು ಹಿರಿಯರು, ನೀವು ಹಾಕಿ.” “ಛೆ ಛೆ, ಓದಿದವರು ಮೊದಲು ಹಾಕಲಿ.” ಮರ್ಯಾದೆಯ ಮೇಲೆ ಮರ್ಯಾದೆ! ಹಾಳೆ ಎರಡು ಸುತ್ತು ಬಂದು ಸುಂದರನ ಮುಂದೆ ನಿಂತಿತು. ಅವನು ಪೆನ್ನು ಹಿಡಿದು ಕೆಳಗಿಟ್ಟ. “ಮೊದಲ ಹೆಸರು ಕಂಡರೆ ಇವನೇ ಎತ್ತಿಕಟ್ಟಿದ್ದು ಅಂತಾರೆ ಟೀಚರ್. ಕೆಲಸವೂ ಹೋದೀತು, ಖೋಲಿಯೂ ಹೋದೀತು.”

ನನಗೆ ಸಿಟ್ಟು ನೆತ್ತಿಗೇರಿತು. “ಹಂಗಾರ ನನ್ನ ಯಾಕ ಕರಿಸಿದ್ಯೋ?” ಎಂದು ಗದರಿಸಿದೆ. ಮರುಕ್ಷಣ ನಾಚಿಕೆಯಾಯಿತು. ಪೆನ್ಶನ್ ಇದ್ದವಳಿಗೆ ಗದರಿಸುವುದೇನು ಕಷ್ಟ?

ಭೋಜಣ್ಣ ಮೆಲ್ಲಗೆ ಹೇಳಿದರು: “ನಕ್ಷತ್ರ ಹಾಕಿದರೆ ಅರ್ಜಿ ಯಾರದ್ದೆಂದು ಗೊತ್ತಾಗುವುದಿಲ್ಲ. ಹೆಸರು ಇರಲಿ. ನಂಬರು ಬೇಡ.” ಹೊಸ ಹಾಳೆ ಕೇಳಿ, ಅದರ ಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳ ಕವುಚಿ, ಸುತ್ತ ಗೆರೆ ಎಳೆದರು. “ನಡುವೆ ನೀವು ಅರ್ಜಿ ಬರೆಯಿರಿ. ನಾವು ಸುತ್ತ ಹೆಸರು ಬರೆಯುತ್ತೇವೆ. ಮೊದಲು ಯಾರು ಅಂತ ಸೇಠ್ ಹುಡುಕಲಿ, ನೋಡುವ!”

ಇದು ನನ್ನ ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. ಐದು ನಿಮಿಷದಲ್ಲಿ ಏಳು ಸಹಿ ಬಿದ್ದವು.

ನಾಲ್ಕೂಕಾಲಿಗೆ ಹೋಟೆಲಿಗೆ ನಡೆದೆವು. ನಾನು ಗಿರಾಕಿಯಂತೆ ಚಹಾ ಹೇಳಿ ಕೂತೆ. ಏಳು ಜನ ಕೌಂಟರಿನ ಮುಂದೆ ನಿಂತರು. ಸೇಠ್ ಹಾಳೆಯನ್ನು ಸ್ಟೀರಿಂಗಿನ ಹಾಗೆ ತಿರುಗಿಸುತ್ತ ಓದಿದರು.

“ಯಾರು ಶುರು ಮಾಡಿದ್ದು ಇದನ್ನು?”

ಏಳೂ ಜನ ಹಾಳೆಯ ಮೇಲಿನ ಗುಂಡು ಗೆರೆ ತೋರಿಸಿದರು.

“ಬಾಯಲ್ಲಿ ಹೇಳಬಾರದಿತ್ತಾ? ನಾನೇನು ಹೊರಗಿನವನಾ? ನಿಮ್ಮ ಊರಿನವನೇ ಅಲ್ಲವಾ?” ಅವರ ಸ್ವರದಲ್ಲಿ ನಿಜವಾದ ನೋವಿತ್ತು.

“ಹೇಳಿದ್ದೆವು ಸೇಠ್,” ಅಂದರು ಭೋಜಣ್ಣ. “ಒಬ್ಬೊಬ್ಬರೇ ಬಂದು ಹೇಳಿದ್ದೆವು.”

ಸೇಠ್ ಹಾಳೆಯನ್ನು ಇನ್ನೊಮ್ಮೆ ತಿರುಗಿಸಿದರು. ನನ್ನ ಚಹಾ ತಣ್ಣಗಾಯಿತು. “ಭಾನುವಾರ ಯಾರಿಗೂ ಇಲ್ಲ,” ಅಂದರು ಕೊನೆಗೆ. “ಉಳಿದ ದಿನ ಸರದಿ ಮಾಡಿಕೊಳ್ಳಿ. ಒಂದು ತಿಂಗಳು ನೋಡುವ. ನಾಳೆ ಯಾರು?”

ಈ ಸಲ ಹಿರಿಯರು ಕಿರಿಯರೆಂಬ ಮಾತೇ ಏಳಲಿಲ್ಲ. “ಸುಂದರ,” ಅಂದರು ಆರೂ ಜನ. ಸಂಜೆಯ ದೋಸೆ ಕಾವಲಿ ತಾನು ನೋಡಿಕೊಳ್ಳುತ್ತೇನೆಂದು ಭೋಜಣ್ಣ ಅವನ ಕೈಯಿಂದ ಸಟ್ಟುಗ ಕಿತ್ತುಕೊಂಡರು.

ಮರಳಿ ಬರುವಾಗ ಸುಂದರನೂ ಜೊತೆಗಿದ್ದ. ಠಾಣೆಯಿಂದ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ದಿವಾ ಸ್ಟೇಷನ್ ದಾಟಿದ ಮೇಲೆ ಕೇಳಿದ. “ಟೀಚರ್, ಬಾಗಿಲು ಅವಳೇ ತೆಗೆದರೆ ಏನು ಹೇಳಲಿ?”

“ಏನೂ ಹೇಳಬ್ಯಾಡ. ಚಪ್ಪಲಿ ಬಿಟ್ಟು ಒಳಗ ಹೋಗಿ ಕೂಡು. ನಾಳೆ ಮುಂಜಾನಿ ಅಕಿ ಎದ್ದಾಗ ನೀ ಅಲ್ಲೇ ಇರ್ತಿ. ತಿಳೀತದ ಅಕಿಗೆ.”

ಡೊಂಬಿವಲಿಯಲ್ಲಿ ನೂಕಿಸಿಕೊಂಡು ಇಳಿದೆ. ಗಾಡಿ ಹೊರಟಾಗ ತಿರುಗಿ ನೋಡಿದೆ. ಮುಂದಿನ ಸ್ಟೇಷನ್ ಠಾಕುರ್ಲಿಗೆ ಇನ್ನೂ ಮೂರು ನಿಮಿಷವಿತ್ತು. ಸುಂದರ ಆಗಲೇ ಬಾಗಿಲಿನಲ್ಲಿ ನಿಂತಿದ್ದ.