ಹಿಟ್ಟಿನ ಮಡಕೆ ಕೂರದ ಒಲೆ

ಸಂಶೋಧನಾ ಲೇಖನಗಳ ಕೊನೆಯ ಪುಟ ಕಂಡರೆ ನನಗೆ ಇವತ್ತಿಗೂ ಅಸಹ್ಯ. 'ಇದರಿಂದ ಸ್ಪಷ್ಟವಾಗುವುದೇನೆಂದರೆ' ಎಂದು ಯಾರಾದರೂ ಶುರು ಮಾಡಿದರೆ ಸಾಕು, ಪುಸ್ತಕ ಮುಚ್ಚಿಬಿಡುತ್ತೇನೆ. ಕಾರಣ, ನಾನೇ ಟೈಪ್ ಮಾಡಿದ ಒಂದು ಪುಟ.

ಅರವತ್ತರ ದಶಕದ ಕೊನೆಯ ಮಾತು. ಎಂ.ಎ. ಮುಗಿಸಿ ಬೆಂಗಳೂರಿನಲ್ಲಿ ಒಬ್ಬ ಪ್ರೊಫೆಸರರ ಕೈಕೆಳಗೆ ಸೇರಿದ್ದೆ. ಹಳ್ಳಿಮನೆಗಳಿಗೆ ಸರ್ಕಾರ ಹೊಗೆಯಿಲ್ಲದ ಒಲೆ ಕಟ್ಟಿಸಿಕೊಟ್ಟಿತ್ತು. ಹೆಂಗಸರು ಅದನ್ನು ಬಿಟ್ಟು ಮತ್ತೆ ಹಳೇ ಒಲೆಯನ್ನೇ ಹಚ್ಚುತ್ತಿದ್ದರು. ಯಾಕೆ ಎಂದು ಕೇಳಿಕೊಂಡು ಬರುವುದು ನನ್ನ ಕೆಲಸ. ನಮ್ಮ ಕಡೆಯದೇ ಎಂದು ತ್ಯಾಮಗೊಂಡ್ಲು ಹೋಬಳಿ ಆರಿಸಿಕೊಂಡೆ. ಉಳಿದುಕೊಂಡದ್ದು ದೊಡ್ಡಮ್ಮನ ಮನೆಯಲ್ಲಿ.

ಅವಳ ಹೊಸ ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ನಾನು ನಕ್ಕೆ. ಅವಳು ನಗಲಿಲ್ಲ.

"ನಗ್ಬೇಡ ಕಣ್ಲಾ. ಹನ್ನೆರಡ್ ಜನಕ್ಕೆ ಹಿಟ್ ಬೇಯ್ಸೋ ಮಡಕೆ ಈ ಒಲೆ ಬಾಯಲ್ಲಿ ಎಲ್ ಕೂರ್ತದೆ? ಕೋಲಾಕಿ ತಿರುವುದ್ರೆ ವಾಲ್ತದೆ. ಬಿದ್ರೆ ಕಾಲ್ ಬೇಯ್ತದೆ. ಹೊಗೆ ಯಾರಿಗ್ ಬೇಕು ಹೇಳು, ಕಣ್ಣೆಲ್ಲಾ ಉರೀತದೆ. ಬಾಯಿ ಒಸಿ ದೊಡ್ದು ಮಾಡ್ಸಕ್ಕೇಳು. ಬರ್ಕಂಡ್ಯಾ?"

"ಬರ್ಕಂಡೆ ದೊಡ್ಡಮ್ಮ."

ಮನೆಮನೆಯಲ್ಲೂ ಇದೇ ಮಾತು. ಕೊನೆಯ ಪುಟದಲ್ಲಿ ಅದನ್ನೇ ಬರೆದೆ: ಒಲೆಯ ಬಾಯಿ ಚಿಕ್ಕದು, ಹಿಟ್ಟಿನ, ಅಂದರೆ ಮುದ್ದೆಯ ಮಡಕೆ ಕೂರುವುದಿಲ್ಲ. ಪ್ರೊಫೆಸರರು ಓದಿ ಮುಖ ಸಿಂಡರಿಸಿದರು.

"ಏನಪ್ಪಾ, ಇದು ಸಂಶೋಧನೆಯೋ ಅಡುಗೆಮನೆ ಹರಟೆಯೋ? ತೀರ್ಮಾನ ಅಂದ್ರೆ ಸ್ವಲ್ಪ ತೂಕ ಇರ್ಬೇಕು."

ಆ ಸಾಲುಗಳಿಗೆ ಅಡ್ಡಗೀಟು ಎಳೆದರು. ಹೊಸ ಒಲೆ ಸೋತದ್ದಕ್ಕೆ ಗ್ರಾಮೀಣ ಮಹಿಳೆಯರ ಅಜ್ಞಾನ ಮತ್ತು ಸಂಪ್ರದಾಯದ ಮೋಹವೇ ಕಾರಣ ಎಂದು ತಾವೇ ಬರೆದರು. ನನ್ನ ಟಿಪ್ಪಣಿ ಪುಸ್ತಕದ ಯಾವ ಹಾಳೆಯಲ್ಲೂ ಅದಕ್ಕೆ ಆಧಾರವಿರಲಿಲ್ಲ. ಹೇಳಬಹುದಿತ್ತು, ಆದರೆ ಕೆಲಸ ಖಾಯಂ ಆಗಬೇಕಿತ್ತು. ಥೂ! ಆ ಪುಟವನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ, ಪ್ರೊಫೆಸರರ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂದು ಖುಷಿ ಬೇರೆ ಪಟ್ಟೆ.

ಲೇಖನ ಅಚ್ಚಾಯಿತು. ಅಜ್ಞಾನವೇ ಕಾರಣ ಎಂದಮೇಲೆ ಒಲೆಯನ್ನು ಯಾರು ಮುಟ್ಟುತ್ತಾರೆ? ಹೆಂಗಸರಿಗೆ ತಿಳಿವಳಿಕೆ ಕೊಡಬೇಕೆಂದು ತೀರ್ಮಾನವಾಗಿ, ಮಾರನೇ ವರ್ಷ ಅದೇ ಹೋಬಳಿಗೆ ಭಾಷಣ ಮಾಡಲು ನನ್ನನ್ನೇ ಕಳಿಸಿದರು. ಶಾಲೆಯ ಜಗಲಿಯ ಮೇಲೆ ಅದೇ ಅಳತೆಯ ಮಾದರಿ ಒಲೆ ಇಟ್ಟುಕೊಂಡು, ನಾಚಿಕೆಯಿಲ್ಲದೆ ಅರ್ಧ ಗಂಟೆ ಮಾತಾಡಿದೆ. ಮುಗಿಯುತ್ತಿದ್ದಂತೆ ದೊಡ್ಡಮ್ಮ ಎದ್ದು ಬಂದಳು. ಸೊಂಟದ ಮೇಲೆ ಹಿಟ್ಟಿನ ಮಡಕೆ.

"ಕೂರ್ಸಿ ತೋರ್ಸು ಮಗಾ."

ಇಟ್ಟೆ. ವಾಲಿತು. ತಿರುಗಿಸಿ ಇಟ್ಟೆ. ಮತ್ತೆ ವಾಲಿತು. ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ದೊಡ್ಡಮ್ಮನಿಗೆ ನನ್ನ ಮರ್ಯಾದೆ ಕಳೆಯುವುದು ಬೇಕಿರಲಿಲ್ಲ. ಒಲೆಯ ಬಾಯಿ ದೊಡ್ಡದಾಗಿದೆಯೇ ಎಂದು ಅವಳು ನಿಜಕ್ಕೂ ನೋಡಲು ಬಂದಿದ್ದಳು. ದನಿ ತಗ್ಗಿಸಿ ಕೇಳಿದಳು:

"ಆವತ್ ನಾನ್ ಹೇಳಿದ್ನ ಬರ್ದಿದ್ದೀಯ ತಾನೆ?"

"ಬರ್ದಿದ್ದೀನಿ ದೊಡ್ಡಮ್ಮ."

ಅವಳು ಮಡಕೆಯನ್ನು ಮತ್ತೆ ಸೊಂಟಕ್ಕೇರಿಸಿಕೊಂಡು ಹೆಂಗಸರ ಕಡೆ ತಿರುಗಿದಳು.

"ಸುಮ್ಕಿರ್ರೇ, ನಗ್ಬೇಡಿ. ನಮ್ ಹುಡುಗ ಎಲ್ಲಾ ಬರ್ದವ್ನೆ. ಮುಂದಿನ್ ಸಲ ದೊಡ್ ಬಾಯಿ ಒಲೆ ಬತ್ತದೆ."