ಮೇಷ್ಟ್ರ ಪಾಠಕ್ಕೆ ಲ್ಯಾಬಕ್ಕನ ದನಿ

ಲ್ಯಾಬಕ್ಕ ಓದಿದ್ದು ಎಂಟನೇ ತರಗತಿ. ಆದರೆ ಒಂಬತ್ತನೇ ತರಗತಿಯ ವಿಜ್ಞಾನವನ್ನು ಅವಳು ಇಪ್ಪತ್ತಾರು ವರ್ಷ ಕೇಳಿಸಿಕೊಂಡಿದ್ದಳು. ಶಾಲೆಯ ಪ್ರಯೋಗಾಲಯಕ್ಕೂ ಪಕ್ಕದ ತರಗತಿಗೂ ನಡುವೆ ಇದ್ದದ್ದು ಹಲಗೆಯ ಅಡ್ಡಗೋಡೆ. ಅದು ಸೂರಿನವರೆಗೂ ಹೋಗದೆ ಆಳೆತ್ತರಕ್ಕೇ ನಿಂತುಬಿಟ್ಟಿತ್ತು. ಅವಳು ಈಚೆ ಟೆಸ್ಟ್ ಟ್ಯೂಬುಗಳನ್ನು ತೊಳೆದು ಬೋರಲು ಹಾಕುತ್ತಿದ್ದರೆ, ಆಚೆಯಿಂದ ವಿಜ್ಞಾನದ ಮೇಷ್ಟ್ರ ದನಿ ಗೋಡೆಯ ಮೇಲಿಂದ ಹಾಯ್ದು ಬರುತ್ತಿತ್ತು.

ಅವಳ ಗಂಡ ಅದೇ ಶಾಲೆಯ ಅಟೆಂಡರ್ ಆಗಿದ್ದವನು. ಮದುವೆಯಾದ ಐದನೇ ವರ್ಷ ಜ್ವರ ಹಿಡಿದು ಒಂದೇ ವಾರದಲ್ಲಿ ಹೋಗಿಬಿಟ್ಟ. ಅವನ ಕೆಲಸ ಇವಳ ಪಾಲಿಗೆ ಬಂತು. ಆಮ್ಲದ ಬಾಟಲಿ ಯಾವುದು, ಬರೀ ನೀರಿನದು ಯಾವುದು ಎಂದು ತಿಳಿಯದೆ ಮೊದಲ ತಿಂಗಳು ಪ್ರತಿ ಸಲವೂ ಮೇಷ್ಟ್ರನ್ನು ಕೇಳುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕಪಾಟಿಗೆ ಕೈ ಹಾಕಿದರೂ ಬೇಕಾದದ್ದೇ ಸಿಗುವಷ್ಟು ರೂಢಿಯಾಯಿತು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ತುಂಡನ್ನು ಇಕ್ಕಳದಿಂದ ಎತ್ತಿ, ಒತ್ತುಕಾಗದದ ಮೇಲಿಟ್ಟು, ಚಾಕುವಿನಿಂದ ಕಡಲೆಬೇಳೆಯಷ್ಟನ್ನೇ ಕೊಯ್ಯುವ ಕೆಲಸವನ್ನು ಮೇಷ್ಟ್ರು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಮಕ್ಕಳು ಅವಳನ್ನು ಲ್ಯಾಬಕ್ಕ ಎಂದರು. ಮೇಷ್ಟ್ರೂ ಹಾಗೆಯೇ ಕರೆದರು. ಕೊನೆಗೆ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದ ಒಡಹುಟ್ಟಿದ ತಂಗಿಯ ಬಾಯಲ್ಲೂ ಅದೇ ನಿಂತಿತು. "ನಮ್ಮ ಲ್ಯಾಬಕ್ಕ ಸಾರಿಗೆ ಉಪ್ಪು ಹಾಕಲ್ಲ, ಸೋಡಿಯಂ ಕ್ಲೋರೈಡ್ ಹಾಕ್ತಾಳೆ," ಎಂದು ಬಟ್ಟೆ ಕೊಡಲು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಮೇಷ್ಟ್ರಿಗೆ ನಿವೃತ್ತಿಗೆ ಎರಡು ವರ್ಷ ಇರುವಾಗ ಗಂಟಲು ಕಟ್ಟಿತು. ಸೀಮೆಸುಣ್ಣದ ಧೂಳು ಎಂದುಕೊಂಡರು. ಬಿಸಿನೀರು ಕುಡಿದರು, ಎರಡು ದಿನ ಮೌನ ಹಿಡಿದರು. ಕಟ್ಟಿದ್ದು ಬಿಡಲಿಲ್ಲ. ದೊಡ್ಡ ಆಸ್ಪತ್ರೆಯವರು ಗಂಟಲಲ್ಲಿ ಗೆಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಮೂರು ತಿಂಗಳ ಮೇಲೆ ಅವರು ಉಸಿರಾಡಲೆಂದು ಕೊರಳಲ್ಲಿ ಬಿಟ್ಟ ತೂತಿನ ಮೇಲೆ ತೆಳು ಬಟ್ಟೆ ಸುತ್ತಿಕೊಂಡು, ಅಂಗಿಯ ಜೇಬಿನಲ್ಲಿ ಅಂಗೈಯಗಲದ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಟುಕೊಂಡು ಮತ್ತೆ ಶಾಲೆಗೆ ಬಂದಾಗ ಲ್ಯಾಬಕ್ಕನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು: "ಸೋಡಿಯಂ ಉಳಿದಿದೆಯಾ?"

"ಇದೆ ಸಾರ್. ನೀವು ಹೆಂಗಿದ್ದೀರಿ?" ಎಂದಳು.

ಅವರು ನೋಟ್‌ಬುಕ್ಕನ್ನು ಜೇಬಿಗಿಟ್ಟುಕೊಂಡು, ಸೋಡಿಯಂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

ಮುಖ್ಯೋಪಾಧ್ಯಾಯಿನಿ ಒಳ್ಳೆಯ ಹೆಂಗಸು, ಆದರೆ ಪುಕ್ಕಲು. ವರ್ಷದ ನಡುವೆ ಬೇರೆ ವಿಜ್ಞಾನದ ಮೇಷ್ಟ್ರನ್ನು ಕೊಡುವುದಿಲ್ಲ ಎಂದು ಮೇಲಿನವರು ಹೇಳಿದ್ದರು. "ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿ, ಪರೀಕ್ಷೆವರೆಗೆ ಹೇಗೋ ದಾಟಿಸೋಣ," ಎಂದರು. ಮೇಷ್ಟ್ರು ಬರೆದರು. ಆದರೆ ಬರೆಯುವವನ ಬೆನ್ನು ತರಗತಿಯ ಕಡೆಗೇ ಇರಬೇಕಲ್ಲ. ಮೂರನೇ ದಿನಕ್ಕೆ ಬೆನ್ನ ಹಿಂದೆ ಸಂತೆ ನೆರೆಯಿತು. ಹಿಂದೆಲ್ಲ ಅವರು ಒಮ್ಮೆ ಕೆಮ್ಮಿದರೆ ಸಾಕಿತ್ತು. ಈಗ ಡಸ್ಟರಿನಿಂದ ಮೇಜು ಬಡಿದರೂ ಯಾರೂ ತಲೆಯೆತ್ತಲಿಲ್ಲ. ಈಚೆ ನಿಂತ ಲ್ಯಾಬಕ್ಕ ಆ ಬಡಿತ ಕೇಳಿ ತೊಳೆಯುತ್ತಿದ್ದ ಟ್ಯೂಬನ್ನು ಕೆಳಗಿಟ್ಟಳು.

ಪರಮಾಣುವಿನ ಪಾಠ ಶುರುವಾದ ದಿನ ಅವಳು ಸೋಡಿಯಂ ತಟ್ಟೆ ಹಿಡಿದು ತರಗತಿಗೆ ಹೋದಳು. ಬೋರ್ಡಿನ ಮೇಲೆ ಮೇಷ್ಟ್ರು ಒಂದು ಚುಕ್ಕೆ, ಸುತ್ತ ಮೂರು ವೃತ್ತ ಬರೆದಿದ್ದರು. ಕೆಳಗೆ ಅರ್ಧ ಪುಟದಷ್ಟು ಅಕ್ಷರ. ಮಕ್ಕಳು ಗುಸುಗುಸು ಹರಟುತ್ತಿದ್ದರು. ಮೇಷ್ಟ್ರು ಚುಕ್ಕೆಯ ಮೇಲೆ ಬೆರಳಿಟ್ಟು ತರಗತಿಯತ್ತ ನೋಡಿದರು. ತುಟಿ ಆಡಿತು, ಸದ್ದು ಬರಲಿಲ್ಲ. ಕೊರಳ ಬಟ್ಟೆಯ ಅಡಿಯಿಂದ ಉಸಿರು ಮಾತ್ರ ಸುಂಯ್ ಎಂದಿತು. ಮುಂದಿನ ಸಾಲಿನವರು ಕಿಸಕ್ಕೆಂದರು.

"ಅದು ನ್ಯೂಕ್ಲಿಯಸ್ಸು," ಎಂದಳು ಲ್ಯಾಬಕ್ಕ. ತನ್ನ ಬಾಯಿಂದಲೇ ಬಂತೆಂದು ಅವಳಿಗೆ ಆಮೇಲೆ ತಿಳಿಯಿತು.

ತರಗತಿ ಸುಮ್ಮನಾಯಿತು. ಮೇಷ್ಟ್ರು ಅವಳ ಕಡೆ ತಿರುಗಿ, ಮುಂದೆ ಹೇಳು ಎನ್ನುವಂತೆ ಕೈಮಾಡಿದರು.

"ಅದರೊಳಗೆ ಪ್ರೋಟಾನು, ನ್ಯೂಟ್ರಾನು ಇರ್ತವೆ. ಪ್ರೋಟಾನಿಗೆ ಧನ ಆವೇಶ. ನ್ಯೂಟ್ರಾನಿಗೆ ಯಾವುದೂ ಇಲ್ಲ, ಅದು ಯಾರ ತಂಟೆಗೂ ಹೋಗಲ್ಲ. ಎಲೆಕ್ಟ್ರಾನು ಹೊರಗಡೆ ಸುತ್ತುತ್ತವೆ, ಅದಕ್ಕೆ ಋಣ ಆವೇಶ." ಮೇಷ್ಟ್ರ ಬೆರಳು ವೃತ್ತದಿಂದ ವೃತ್ತಕ್ಕೆ ಹೋಯಿತು, ಅವಳ ಮಾತು ಅದರ ಹಿಂದೆಯೇ ಹೋಯಿತು. "ಸೋಡಿಯಮ್ಮಿನಲ್ಲಿ ಹನ್ನೊಂದು. ಮೊದಲನೇ ಕವಚದಲ್ಲಿ ಎರಡು, ಎರಡನೇದರಲ್ಲಿ ಎಂಟು. ಅಲ್ಲಿಗೆ ಜಾಗ ತುಂಬಿಹೋಯ್ತು. ಹನ್ನೊಂದನೇದು ಒಂದೇ ಒಂದು ಹೊರಗಿನ ಕವಚದಲ್ಲಿ. ಹೊಸ್ತಿಲ ಮೇಲೆ ಕೂತಿರೋರು ಕರೆದ ತಕ್ಷಣ ಎದ್ದು ಹೋಗ್ತಾರಲ್ಲ, ಹಂಗೇ. ಅದಕ್ಕೇ ಇದನ್ನ ನೀರಿಗೆ ಹಾಕಿದ್ರೆ ಸುಮ್ನಿರಲ್ಲ."

ತುಂಡನ್ನು ಗಾಜಿನ ತೊಟ್ಟಿಗೆ ಹಾಕಿದಳು. ಅದು ನೀರಿನ ಮೇಲೆ ಚುರ್ರೆಂದು ಓಡಾಡಿ ಕರಗಿಹೋಯಿತು. ಹೊಸ್ತಿಲ ಮಾತು ಮೇಷ್ಟ್ರದಲ್ಲ, ಅವಳದೇ. ಮೇಷ್ಟ್ರು ತೋರುಬೆರಳಿನಿಂದ ಅವಳನ್ನು ತೋರಿಸಿ, ಸದ್ದಿಲ್ಲದೆ ನಕ್ಕರು. ಆಪರೇಷನ್ನಿನ ಮೇಲೆ ಅವರು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಅಲ್ಲಿಂದ ನಾಲ್ಕು ತಿಂಗಳು ಹಾಗೆಯೇ ನಡೆಯಿತು. ಹಿಂದಿನ ಸಂಜೆ ಮೇಷ್ಟ್ರು ಮರುದಿನದ ಪಾಠವನ್ನು ಬರೆದುಕೊಡುತ್ತಿದ್ದರು. ಅವಳು ಮನೆಯಲ್ಲಿ ತಂಗಿಯ ಹೊಲಿಗೆ ಯಂತ್ರದ ಗಡಗಡದ ನಡುವೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ತಂಗಿ ಗೊಣಗಿದಳು: "ನಿನ್ನ ಸಂಯೋಗ ಸಾಮರ್ಥ್ಯ ಕೇಳಿ ಕೇಳಿ ನಾನು ತೋಳು ಹೊಲಿಯೋ ಕಡೆ ಜೇಬು ಹೊಲಿದಿದ್ದೀನಿ." ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆದು, "ಏನು ನಡೀತಿದೆ ಅಂತ ನನಗೆ ಗೊತ್ತಿಲ್ಲ, ಆಯ್ತಾ? ಚೆನ್ನಾಗಿ ನಡೀಲಿ," ಎಂದರು. ಕಿರುಪರೀಕ್ಷೆಯಲ್ಲಿ ಮಕ್ಕಳು ಹಿಂದಿನ ವರ್ಷಕ್ಕಿಂತ ಚೆನ್ನಾಗಿಯೇ ಬರೆದರು. ಅವಳ ಬಾಳಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಶಾಲೆಗೆ ಹೋಗೋಣ ಅನ್ನಿಸಿದ ದಿನಗಳಿದ್ದರೆ ಅವೇ.

ಯಾರೋ ಒಬ್ಬ ತಂದೆ ದೂರು ಬರೆದ. ತನ್ನ ಮಗಳಿಗೆ ಟ್ಯೂಬು ತೊಳೆಯುವವಳು ಪಾಠ ಹೇಳುತ್ತಿದ್ದಾಳೆ ಎಂದು. ಒಂದು ಬುಧವಾರ ತಪಾಸಣೆಯ ಅಧಿಕಾರಿ ಹೇಳದೆ ಕೇಳದೆ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಬೋರ್ಡಿನ ಹತ್ತಿರ, ಲ್ಯಾಬಕ್ಕ ಮೇಜಿನ ಹತ್ತಿರ. ಪರೀಕ್ಷೆಗೆಂದು ಪರಮಾಣುವಿನ ಪಾಠವನ್ನೇ ಮತ್ತೊಮ್ಮೆ ಹೇಳುತ್ತಿದ್ದರು. ಪಾಠ ನಿಲ್ಲಿಸಬೇಡಿ ಎಂದರು ಅಧಿಕಾರಿ. ಅವಳು ನಿಲ್ಲಿಸಲಿಲ್ಲ. ತಪ್ಪಿಲ್ಲದೆ ಹೇಳಿದಳು.

ಮುಗಿದ ಮೇಲೆ ಅಧಿಕಾರಿ ಎದ್ದು ನಿಂತರು. ಕೆಟ್ಟ ದನಿಯೇನಲ್ಲ, ಸಾವಧಾನದ ದನಿಯೇ. "ಪ್ರೋಟಾನ್‌ಗಳೆಲ್ಲ ಧನ ಅಂದ್ರಿ. ಎರಡು ಧನ ಹತ್ತಿರ ಬಂದ್ರೆ ಒಂದನ್ನೊಂದು ತಳ್ಳುತ್ತವೆ ಅಂತಲೂ ಅಂದ್ರಿ. ಹಾಗಿದ್ಮೇಲೆ ಅಷ್ಟು ಪ್ರೋಟಾನು ಅಷ್ಟು ಚಿಕ್ಕ ನ್ಯೂಕ್ಲಿಯಸ್ಸಿನೊಳಗೆ ಸಿಡಿದುಹೋಗದೆ ಹೇಗಮ್ಮ ಇರ್ತವೆ?"

ಇಪ್ಪತ್ತಾರು ವರ್ಷದಲ್ಲಿ ಅಡ್ಡಗೋಡೆಯ ಆಚೆಯಿಂದ ಈ ಪ್ರಶ್ನೆ ಬಂದದ್ದು ಅವಳಿಗೆ ನೆನಪಿರಲಿಲ್ಲ. ನಲವತ್ತು ಮಕ್ಕಳು ಅವಳನ್ನೇ ನೋಡುತ್ತಿದ್ದರು. "ಗೊತ್ತಿಲ್ಲ ಸಾರ್," ಎಂದಳು. "ಮೇಷ್ಟ್ರಿಗೆ ಗೊತ್ತು."

ಮೇಷ್ಟ್ರು ಆಗಲೇ ಬೋರ್ಡಿಗೆ ತಿರುಗಿ ಬರೆಯತೊಡಗಿದ್ದರು. ಆವೇಶದ ತಳ್ಳಾಟಕ್ಕಿಂತ ಬಲವಾದ ಇನ್ನೊಂದು ಬಲವಿದೆ, ಅದು ತೀರ ಹತ್ತಿರದಲ್ಲಿ ಮಾತ್ರ ಹಿಡಿಯುತ್ತದೆ ಎಂದು. ಅವಸರಕ್ಕೆ ಸೀಮೆಸುಣ್ಣ ಎರಡು ಸಲ ಮುರಿಯಿತು. ಅವರು ಕೊನೆಯ ಸಾಲಿಗೆ ಬರುವ ಹೊತ್ತಿಗೆ ಅಧಿಕಾರಿ ಕಡತ ಮುಚ್ಚಿ, ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿಯಾಗಿತ್ತು. ಬೋರ್ಡನ್ನು ಓದಿದವಳು ಲ್ಯಾಬಕ್ಕ ಒಬ್ಬಳೇ.

ಆ ವಾರವೇ ಮೇಷ್ಟ್ರನ್ನು ವೈದ್ಯಕೀಯ ರಜೆಯ ಮೇಲೆ ಮನೆಗೆ ಕಳಿಸಿದರು. ತಿಂಗಳ ಕೊನೆಗೆ ಲ್ಯಾಬಕ್ಕನಿಗೆ ಪೇಟೆಯ ಆಚೆ ತುದಿಯ ಶಾಲೆಗೆ ವರ್ಗವಾಯಿತು. ಪ್ರಯೋಗಾಲಯಕ್ಕಲ್ಲ, ಕಚೇರಿಗೆ. ಕಡತ ಎತ್ತಿಕೊಡುವುದು, ಗಂಟೆ ಬಾರಿಸುವುದು. ಮುಖ್ಯೋಪಾಧ್ಯಾಯಿನಿ ಬೀಳ್ಕೊಡುವಾಗ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅವಳಿಗೂ ದೂರಬೇಕೆನ್ನಿಸಲಿಲ್ಲ.

ಭಾನುವಾರಗಳಂದು ಅವಳು ಮೇಷ್ಟ್ರ ಮನೆಗೆ ಹೋಗತೊಡಗಿದಳು. ಮೇಷ್ಟ್ರ ಹೆಂಡತಿ ಬಾಗಿಲು ತೆಗೆದು, ಚಹಾ ಇಟ್ಟು, ಒಳಗೆ ಹೋಗಿಬಿಡುವರು. ಕಾಯಿಲೆ ಮತ್ತೆ ತಲೆಯೆತ್ತಿತ್ತು. ಮೇಷ್ಟ್ರು ಮಂಚದ ಮೇಲೆ ಒರಗಿ ಬರೆಯುವರು, ಅವಳು ಓದಿ ಬಾಯಲ್ಲಿ ಕೇಳುವಳು. ಒಂದು ಭಾನುವಾರ ಅವಳು, ಎಲೆಕ್ಟ್ರಾನು ಸುತ್ತಿ ಸುತ್ತಿ ದಣಿದು ನ್ಯೂಕ್ಲಿಯಸ್ಸಿಗೆ ಬಿದ್ದುಹೋಗಲ್ಲವಾ ಎಂದು ಕೇಳಿದಳು. ಅವರು ಬಹಳ ಹೊತ್ತು ಬರೆದರು. ಅದು ನಿಜವಾಗಿ ದಾರಿ ಹಿಡಿದು ಸುತ್ತುವುದಿಲ್ಲ. ವೃತ್ತ ಗಿತ್ತ ಏನೂ ಇಲ್ಲ. ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸುವುದಕ್ಕೇ ಆಗುವುದಿಲ್ಲ. ಇಲ್ಲಿ ಇರುವ ಸಾಧ್ಯತೆ ಹೆಚ್ಚು, ಅಲ್ಲಿ ಕಡಿಮೆ ಎನ್ನಬಹುದು, ಅಷ್ಟೇ. ಮೋಡದ ಹಾಗೆ ಎಂದುಕೋ.

ಲ್ಯಾಬಕ್ಕ ಅದನ್ನು ಎರಡು ಸಲ ಓದಿದಳು. "ಹಂಗಾದ್ರೆ ಆ ಚಿತ್ರ ತಪ್ಪಾ?"

ಅವರು ಹೌದೆಂದು ತಲೆಯಾಡಿಸಿದರು.

"ಮೊದಲಿಂದ ಗೊತ್ತಿತ್ತಾ ನಿಮಗೆ?"

ಮತ್ತೆ ತಲೆಯಾಡಿಸಿದರು.

"ನಾಲ್ಕು ತಿಂಗಳು ಮಕ್ಕಳ ಮುಂದೆ ನಿಂತು ಸುತ್ತುತ್ತೆ, ಸುತ್ತುತ್ತೆ ಅಂದೆನಲ್ಲ ಸಾರ್. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಾ? ನೀವಾದ್ರೆ ಓದಿದೋರು, ನಾಳೆ ತಿದ್ದಿಕೊಂಡು ಹೇಳ್ತೀರಿ. ನನಗೆ ಇನ್ಯಾವ ತರಗತಿ ಇದೆ ತಿದ್ದಿ ಹೇಳೋದಕ್ಕೆ?"

ಮೇಷ್ಟ್ರು ಬರೆದರು: "ಸುಳ್ಳಲ್ಲ. ಮಕ್ಕಳಿಗೆ ಮೊದಲ ಮೆಟ್ಟಿಲು." ಅವಳು ಆ ಹಾಳೆಯನ್ನು ನೋಡಿ, ನೋಟ್‌ಬುಕ್ಕನ್ನು ಮಂಚದ ಮೇಲಿಟ್ಟು ಎದ್ದಳು. ಚಹಾ ಹಾಗೆಯೇ ಆರುತ್ತಿತ್ತು. ಬಾಗಿಲಿನತ್ತ ಹೋಗುವಾಗ ಹಿಂದೆ ಗೋಡೆಗೆ ಪೆನ್ಸಿಲಿನಿಂದ ಟಕಟಕ ಬಡಿದದ್ದು ಕೇಳಿಸಿತು. ಅವರಿಗೆ ಕರೆಯಲು ಬೇರೆ ದಾರಿಯಿರಲಿಲ್ಲ. ಅವಳು ತಿರುಗಲಿಲ್ಲ.

ಮುಂದಿನ ಭಾನುವಾರ ತಂಗಿಗೆ ಮೈ ಸರಿಯಿಲ್ಲ ಎಂದು ಹೋಗಲಿಲ್ಲ. ತಂಗಿಗೆ ಏನೂ ಆಗಿರಲಿಲ್ಲ. ಅದರ ಮುಂದಿನ ಭಾನುವಾರ ಸಿಟ್ಟು ಇಳಿದಿತ್ತು, ಆದರೆ ಯಾವ ಮುಖ ಹೊತ್ತು ಹೋಗಲಿ ಅನ್ನಿಸಿತು. "ಮೆಟ್ಟಿಲು ಅಂದ್ರೆ ತಪ್ಪೇನೇ? ಕಲಿಯೋರಿಗೆ ನಾನೂ ಮೊದಲು ಕಾಗದದ ಮೇಲೆ ಹೊಲಿಗೆ ಹಾಕಿಸಲ್ವಾ?" ಎಂದಳು ತಂಗಿ. "ಮುಂದಿನ ವಾರ ಹೋಗ್ತೀನಿ," ಎಂದಳು ಲ್ಯಾಬಕ್ಕ. ಗುರುವಾರ ಕಚೇರಿಗೆ ಫೋನು ಬಂತು. ಎತ್ತಿದವಳು ಅವಳೇ. ಮೇಷ್ಟ್ರು ಬೆಳಿಗ್ಗೆ ಹೋದರು ಎಂದು ಹಳೆಯ ಶಾಲೆಯ ಗುಮಾಸ್ತ ಹೇಳಿದ. ಅವಳು ಸರಿ ಎಂದು ಫೋನಿಟ್ಟು, ಹೊತ್ತಾಗಿತ್ತೆಂದು ಹೋಗಿ ಮೂರನೇ ಪೀರಿಯಡ್ಡಿನ ಗಂಟೆ ಬಾರಿಸಿದಳು.

ತಿಂಗಳು ಕಳೆದ ಮೇಲೆ ಮೇಷ್ಟ್ರ ಹೆಂಡತಿ ಹೇಳಿಕಳಿಸಿದರು. ಹೋದಳು. ಮೇಜಿನ ಮೇಲೆ ಹದಿನೇಳು ನೋಟ್‌ಬುಕ್ಕುಗಳನ್ನು ಸಾಲಾಗಿ ಇಟ್ಟಿದ್ದರು.

"ಎಲ್ಲ ಅವರು ಹೇಳಿದ್ದೇ," ಎಂದರು. "ಆದ್ರೆ ನಾವು ಏನು ಕೇಳಿದ್ವು ಅಂತ ಒಂದರಲ್ಲೂ ಇಲ್ಲ ನೋಡಮ್ಮ. ನಾವು ಬಾಯಲ್ಲಿ ಕೇಳ್ತಿದ್ವಲ್ಲ. ಇಲ್ಲಿ 'ಇಲ್ಲ, ಅದು ಹೊರಗಿನ ಕವಚ' ಅಂತಿದೆ. ಇದು ನಿನಗೆ ಬರೆದಿದ್ದೇ ಇರಬೇಕು. ನೀನೇನು ಕೇಳಿದ್ದೆ?"

ಲ್ಯಾಬಕ್ಕ ನೆನಪು ಮಾಡಿಕೊಂಡು ಹೇಳಿದಳು. ಮೇಷ್ಟ್ರ ಹೆಂಡತಿ ಮಗ್ಗುಲಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದುಕೊಂಡರು. ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಪಾಠದ ಹಾಳೆಗಳೆಲ್ಲ ಅವಳಿಗೆ ನೆನಪಿದ್ದವು. ಜಗಳದ ದಿನದ ಹಾಳೆ ಬಂದಾಗ, ಮುಚ್ಚಿಡದೆ ತಾನು ಆಡಿದ್ದಷ್ಟನ್ನೂ ಹೇಳಿದಳು. ಮೇಷ್ಟ್ರ ಹೆಂಡತಿ ಅದನ್ನೂ ಬರೆದುಕೊಂಡರು.

ಅದರ ಮುಂದಿನ ಹಾಳೆಗಳನ್ನು ಅವಳು ಒಂದೊಂದಾಗಿ ಮಗುಚಿದಳು. ತನಗಾಗಿ ಎರಡು ಸಾಲು ಬರೆದಿಟ್ಟಿರಬಹುದೇ ಎಂಬ ಆಸೆ. ಇರಲಿಲ್ಲ. "ನೀರು." "ಕಿಟಕಿ ತೆಗಿ." "ಇವತ್ತು ಯಾವ ವಾರ?" "ಸಾಕು." ಅಷ್ಟೇ ಇದ್ದದ್ದು.

"ಯಾವ ವಾರ ಅಂತ ದಿನಾ ಕೇಳೋರು," ಎಂದರು ಮೇಷ್ಟ್ರ ಹೆಂಡತಿ. ಲ್ಯಾಬಕ್ಕ ತಾನು ಬಾರದ ಭಾನುವಾರಗಳನ್ನು ಬೆರಳಲ್ಲಿ ಎಣಿಸಿಕೊಂಡಳು. ಆಮೇಲೆ ಅವರು ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಹೌದು, ನಾನು ಆಗಲೇ ಹೇಳಬೇಕಿತ್ತು" ಎಂದಿತ್ತು. "ಇದು ನನಗೆ ಬರೆದಿದ್ದು. ನಾನೇನು ಕೇಳಿದ್ದೆ ಅಂತ ಎಷ್ಟು ತಲೆ ಚಚ್ಚಿಕೊಂಡರೂ ಹೊಳೀತಿಲ್ಲ. ನಿನಗೇನಾದ್ರೂ ಹೊಳೆಯುತ್ತಾ?"

"ನಾನು ಆಗ ಇರಲಿಲ್ಲವಲ್ಲಮ್ಮ," ಎಂದಳು ಲ್ಯಾಬಕ್ಕ.

ಮೇಷ್ಟ್ರ ಹೆಂಡತಿ ಆ ಸಾಲಿನ ಮಗ್ಗುಲನ್ನು ಖಾಲಿ ಬಿಟ್ಟು ಹಾಳೆ ಮಗುಚಿದರು. ಮುಂದೆ ಇನ್ನೂ ನಾಲ್ಕು ಭಾನುವಾರ ಇಬ್ಬರೂ ಹಾಗೆ ಕೂತರು. ಐದನೆಯದಕ್ಕೆ ಅವರು ತಮ್ಮನ ಮನೆಗೆಂದು ಊರು ಬಿಟ್ಟರು. ಲ್ಯಾಬಕ್ಕ ಆಚೆ ತುದಿಯ ಶಾಲೆಯಲ್ಲಿ ಆರು ವರ್ಷ ಗಂಟೆ ಬಾರಿಸಿ ನಿವೃತ್ತಳಾದಳು. ಆ ಶಾಲೆಯಲ್ಲಿ ಅವಳನ್ನು ಯಾರೂ ಪಾಠದ ಮಾತು ಕೇಳಲಿಲ್ಲ, ಅವಳೂ ಹೇಳಲು ಹೋಗಲಿಲ್ಲ.