ದೊಡ್ಡದೇ ಇರಲಿ ಎಂದವಳು ನಾನು

ಇವತ್ತು ಬೆಳಿಗ್ಗೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಒಂದು ಹನಿ ಸೆರಗಿಗೆ ಬಿತ್ತು. ವಾಸನೆ ಮೂಗಿಗೆ ಬಂದದ್ದೇ ಕೈ ನಿಂತಿತು. ನಿಮಗೂ ಹೀಗಾಗುತ್ತದೋ ಏನೋ, ನನಗಂತೂ ಕಣ್ಣಿಗಿಂತ ಮೂಗಿನ ನೆನಪು ಗಟ್ಟಿ. ಕಲಬುರಗಿಯ ಆ ಬಂದೂಕಿನ ಅಂಗಡಿಯಲ್ಲೂ ಇದೇ ವಾಸನೆಯಿತ್ತು.

ಶಹಾಬಾದಿನಲ್ಲಿ ನಮ್ಮದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿ. ಮಾವನವರು ತೀರಿದ ಮೇಲೆ ನಮ್ಮ ಮನೆಯವರೂ ಮೈದುನ ಶರಣಪ್ಪನೂ ಅದನ್ನು ಹಂಚಿಕೊಂಡರು. ಗಡಿ ಎರಡು ಮಾರು ಆಚೆಯೋ ಈಚೆಯೋ ಎಂಬ ಜಗಳದಲ್ಲಿ ಅಣ್ಣತಮ್ಮಂದಿರ ಮಾತು ನಿಂತಿತು. ಅಷ್ಟರಲ್ಲಿ ವಾಡಿ ರಸ್ತೆಯಲ್ಲಿ ನಾಲ್ವರು ಇವರ ಜೀಪು ತಡೆದು, "ಖಣಿ ಬಿಡ್ತೀಯೋ, ಜೀವ ಬಿಡ್ತೀಯೋ?" ಎಂದು ಕೇಳಿದರು. ಕಳಿಸಿದವನು ತಮ್ಮನೇ ಎಂದು ಇವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಅರ್ಜಿ ಹಾಕಿ, ಓಡಾಡಿ, ಬಂದೂಕಿನ ಲೈಸೆನ್ಸು ಮಾಡಿಸಿದರು.

ಅಂಗಡಿಗೆ ನನ್ನನ್ನು ಕರೆದೊಯ್ದದ್ದು ಇಂಗ್ಲಿಷ್ ಓದಲಿಕ್ಕೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿ ತೀಡಿದ ನನ್ನ ಇಂಗ್ಲಿಷು ಅಲ್ಲಿಯವರೆಗೆ ಔಷಧಿ ಬಾಟಲಿ ದಾಟಿ ಹೋಗಿರಲಿಲ್ಲ. ಅಂಗಡಿಯವರು ಹಸಿರು ಬಟ್ಟೆಯ ಮೇಲೆ ಎರಡು ರಿವಾಲ್ವರ್ ಇಟ್ಟರು.

"ನೋಡ್ರಿ ಅಕ್ಕೋರೆ, ಸಣ್ಣದು ಸೊಂಟದಾಗ ಇಟ್ಟರ ಯಾರಿಗೂ ಗೊತ್ತಾಗಂಗಿಲ್ಲ. ಈ ದೊಡ್ಡದು ಆನಿ ಅದ. ಮುಚ್ಚಿದರ ಮುಚ್ಚಂಗಿಲ್ಲ, ಹೊಡದರ ಭುಜಾನೂ ಝಾಡಸ್ತದ."

ನಾನು ಎರಡನ್ನೂ ಎತ್ತಿ ನೋಡಿದೆ. ನಗಬೇಡಿ, ಕುಕ್ಕರ್ ಆರಿಸುವವಳ ಹಾಗೆಯೇ ನೋಡಿದೆ: ತಳ ದಪ್ಪವೇ, ಹಿಡಿ ಗಟ್ಟಿಯೇ ಎಂದು. ಸಣ್ಣದು ಜಾತ್ರೆಯ ಆಟಿಕೆಯಂತಿತ್ತು. "ದೊಡ್ಡದೇ ಇರಲಿರಿ," ಎಂದೆ. "ನೋಡಿದವರೇ ಹಿಂದ ಸರೀತಾರ. ಹೊಡಿಯೋ ಪ್ರಸಂಗನೇ ಬರಂಗಿಲ್ಲ."

ಆಮೇಲೆ ಗುಂಡು. ಎರಡು ಬಗೆಯ ಡಬ್ಬಿಗಳು. "ಏನಂತ ಬರದದ ಓದು," ಎಂದರು ಇವರು. ಓದಿದೆ. "ಇವು ಸೀದಾ ಹಾಯ್ದು ಹೋಗ್ತಾವಂತ. ಇವುಗಳ ತುದಿ ಮೆತ್ತಗ, ಒಳಗ ಹೋದಮ್ಯಾಲೆ ಅರಳ್ತಾವಂತ."

"ಅರಳೋವೇ ಕೊಡ್ರಿ," ಎಂದರು ಇವರು.

ಮಲ್ಲಿಗೆಗೆ ಆಡುವ ಮಾತನ್ನು ಗುಂಡಿಗೆ ಆಡಿದ್ದೆ. ಆಗ ನಾಲಿಗೆ ತಡವರಿಸಲೂ ಇಲ್ಲ.

ಆ ವರ್ಷ ದಸರೆಗೆ ಇವರು ಬಿಳಿ ಜುಬ್ಬಾದ ಕೆಳಗೆ ಅದನ್ನು ಸಿಕ್ಕಿಸಿಕೊಂಡರು. "ಇವತ್ತೊಂದಿನ ಕಪಾಟಿನ್ಯಾಗ ಇಡ್ರಿ," ಎಂದೆ. "ಇವತ್ತೇ ಮನೀಗಿ ಎಲ್ಲಾರೂ ಬರೋದು," ಎಂದರು.

ಸಂಜೆ ಬನ್ನಿ ಕೊಡುವ ಹೊತ್ತಿಗೆ ಅಂಗಳಕ್ಕೆ ಬಂದವನು ಶರಣಪ್ಪ. ಹೊಸ ಅಂಗಿಯ ಕಾಲರಿಗೆ ಅಂಗಡಿಯ ಚೀಟಿ ಹಾಗೇ ಇತ್ತು. "ವೈನಿ, ಹೋಳಿಗಿ ಮಾಡಿದ್ದಿಯೋ, ನನಗ ಅಂಜಿ ಬಚ್ಚಿಟ್ಟಿದ್ದಿಯೋ?" ಎಂದು ನನ್ನ ಕೆಣಕಿ, ಅಣ್ಣನ ಕೈಗೆ ಎಲೆ ಕೊಟ್ಟ. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು ಅಣ್ಣಾ. ಆ ಎರಡು ಮಾರು ನೀನೇ ಇಟ್ಕೋ." ಹೇಳಿ, ಬಿಗಿಯಾಗಿ ಅಪ್ಪಿಕೊಂಡ.

ಅಪ್ಪಿದವನು ಹಾಗೇ ನಿಂತ. ಅವನ ಹೊಟ್ಟೆಗೆ ಅದರ ಹಿಡಿ ಒತ್ತಿರಬೇಕು. ಮೆಲ್ಲಗೆ ಹಿಂದೆ ಸರಿದು ಜುಬ್ಬಾದ ಉಬ್ಬು ನೋಡಿದ.

"ಇದು ನನ್ನ ಸಲುವಾಗಿ ತಂದೀಯೇನಣ್ಣಾ?"

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಇವರು ನೆಲ ನೋಡಿದರು. ನಾನು ಹೋಳಿಗೆಯ ತಾಟು ಹಿಡಿದುಕೊಂಡೇ ನಿಂತಿದ್ದೆ. ಶರಣಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದ.

ಜೀಪು ತಡೆದವರು ಲಾರಿ ಬಾಡಿಗೆಯ ಬಾಕಿಗೆ ಖಣಿಯನ್ನೇ ಕಸಿಯಲು ಬಂದವರೆಂದು, ತಮ್ಮನಿಗೂ ಅವರಿಗೂ ಸಂಬಂಧವಿಲ್ಲವೆಂದು ಮುಂದೆ ತಿಳಿಯಿತು. ಹೇಳಿಕಳಿಸಿದರೂ ಅವನು ಬರಲಿಲ್ಲ. ಹೋದ ವರ್ಷ ಕಾಮಾಲೆಯಲ್ಲಿ ತೀರಿಕೊಂಡ. ನಾವು ಮಣ್ಣಿಗೆ ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ಇವರ ಸೊಂಟದ ಕಡೆ ನೋಡಿ, "ಮುಖ ನೋಡೋದಿದ್ದರ ಜುಬ್ಬಾ ಎತ್ತಿ ತೋರ್ಸಿ ಒಳಗ ಬರ್ರಿ, ಭಾವಾ," ಎಂದಳು. ಅಷ್ಟು ಜನರ ಮುಂದೆ ಇವರು ಎತ್ತಿ ಖಾಲಿ ಸೊಂಟ ತೋರಿಸಿದರು.

ಈ ಮಧ್ಯಾಹ್ನ ಇವರು ಲೈಸೆನ್ಸು ಮುಂದುವರಿಸುವ ಅರ್ಜಿ ತಂದು ನನ್ನ ಮುಂದಿಟ್ಟರು. "ಜೀವಕ್ಕ ಅಪಾಯ ಅದ ಅಂತ ಬರಿ."

"ಯಾರಿಂದ ಅಂತ ಬರೀಲಿರಿ?"

ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಯಾರಿಂದ ಅಪಾಯ ಎಂಬ ಖಾನೆಯನ್ನು ಖಾಲಿ ಬಿಟ್ಟೆ. ಯಾವುದೇ ಖಾನೆ ಖಾಲಿಯಿದ್ದರೆ ಅರ್ಜಿ ತಿರಸ್ಕರಿಸಲಾಗುವುದು ಎಂದು ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಅದನ್ನು ಇವರಿಗೆ ಓದಿ ಹೇಳಲಿಲ್ಲ.